ಸುಂಕು

ಮೊದಲು ಬಂದದ್ದು ಮುಖಕ್ಕೆ.
ಎರಡು ಕೆನ್ನೆಯ ಮೇಲೂ ಬಂಗು,
ಡಿಕಾಕ್ಷನ್ ಚೆಲ್ಲಿ ಒರೆಸದೆ ಬಿಟ್ಟ ಹಾಗೆ.
ಆಮೇಲೆ ಹೊಕ್ಕುಳಿಂದ ಕೆಳಕ್ಕೆ ಒಂದು ಕಪ್ಪು ಗೆರೆ,
ಯಾರೋ ಅಳತೆಪಟ್ಟಿ ಇಟ್ಟು ಎಳೆಯುತ್ತಾ
ಅರ್ಧಕ್ಕೆ ಕೈ ನಡುಗಿದಂತೆ ಕೊಂಚ ಎಡಕ್ಕೆ.
ಎಡಕ್ಕೆ ಹೋದರೆ ಹೆಣ್ಣು, ಎಂದರು ಅತ್ತೆ.
ನಾನು ನೋಡುವ ಕನ್ನಡಿಯಲ್ಲಿ ನಿಂತವಳಿಗೆ
ಅದು ಬಲಕ್ಕಿತ್ತು.

ಇವನ್ನೆಲ್ಲ ಖಾಕಿ ಮುಚ್ಚುತ್ತದೆ, ಮುಖದ್ದೊಂದು ಬಿಟ್ಟು.
ಕೆಳಗಿನ ಎರಡು ಗುಂಡಿ ಹಾಕುವುದನ್ನು
ಐದನೇ ತಿಂಗಳಿಗೇ ನಿಲ್ಲಿಸಿದ್ದೆ.
ಲೈಟ್ ಡ್ಯೂಟಿಗೆ ಬರೆದ ಅರ್ಜಿ
ಸಾತಗಳ್ಳಿ ಡಿಪೋದ ಮೇಜಿನ ಮೇಲೆ
ಪೇಪರ್‌ವೇಟಿನಡಿ ಇನ್ನೂ ಉಸಿರಾಡುತ್ತಿತ್ತು.
ಹಾಗಾಗಿ ಏಳನೇ ತಿಂಗಳಲ್ಲೂ ನಾನು
ಮೈಸೂರು, ಬನ್ನೂರು, ಕಿರುಗಾವಲು, ಮಳವಳ್ಳಿ.

ಕಡಿತ ಶುರುವಾದದ್ದು ಅಂಗೈಯಲ್ಲಿ.

ಬಲಗೈ ಕಡುದ್ರೆ ದುಡ್ಡು ಬತ್ತದೆ ಬುಡವ್ವ,
ಎಂದಿತು ಮುಂದಿನ ಸೀಟಿನ ಎಲೆಅಡಿಕೆ ಬಾಯಿ.
ಬರದೇ ಏನು, ದಿನಾ ಸಾವಿರಗಟ್ಟಲೆ ಬರುತ್ತದೆ,
ರಾತ್ರಿ ಎಣಿಸಿ ಕಟ್ಟಿಕೊಟ್ಟು
ಬರಿಗೈಯಲ್ಲಿ ಮನೆಗೆ ಹೋಗ್ತೀನಿ, ಎಂದೆ.
ಬಸ್ಸೆಲ್ಲ ನಕ್ಕಿತು.
ಡ್ರೈವರ್ ಬೋರಲಿಂಗಣ್ಣ ಕನ್ನಡಿಯಲ್ಲಿ ನಕ್ಕರು.

ಕಿರುಗಾವಲಿನಾಚೆಯ ಗದ್ದೆಬಯಲಲ್ಲಿ ಹುಟ್ಟಿದವಳು,
ನವೆ ನನಗೆ ಹೊಸದಲ್ಲ.
ಭತ್ತ ತೂರಿದ ದಿನ ಕತ್ತಿಗೆ ಬೆನ್ನಿಗೆ ಸುಂಕು ಹತ್ತಿದರೆ
ನಾಲೆಗೆ ಬಿದ್ದು ಎದ್ದರೆ ಆಯಿತು.
ಇದು ನೀರಿಗೆ ಬಗ್ಗಲಿಲ್ಲ.
ರಾತ್ರಿ ಎರಡಕ್ಕೆ ಎದ್ದು
ಪಾದವನ್ನು ಬಚ್ಚಲ ಕಲ್ಲಿಗೆ ತಿಕ್ಕುತ್ತಿದ್ದೆ,
ಫ್ರಿಜ್ಜಿನ ಮೊಸರಿನ ಪಾತ್ರೆಗೆ ಅಂಗೈ ಒತ್ತಿ
ನಿಂತಲ್ಲೇ ತೂಕಡಿಸುತ್ತಿದ್ದೆ.
ಗುಳ್ಳೆ ಇಲ್ಲ, ಕೆಂಪಿಲ್ಲ, ತೋರಿಸಲು ಏನೂ ಇಲ್ಲ;
ಚರ್ಮದ ಕೆಳಗೆ ಯಾರೋ
ಮುಗಿಯದ ಚಿಲ್ಲರೆ ಎಣಿಸುತ್ತಿದ್ದಾರೆ.
ಗಂಡ ಕೊಬ್ಬರಿ ಎಣ್ಣೆ ಹಚ್ಚಿದ.
ಅತ್ತೆ ಬೇವು ಅರೆದರು. ಬದನೆಕಾಯಿ ನಂಜು, ಬಿಡು ಎಂದರು,
ಕುಂಬಳಕಾಯಿಯೂ ಬಿಡು ಎಂದರು.
ನನಗೆ ಬಿಡಬೇಕೆನಿಸಿದ್ದು ಈ ತೊಗಲೊಂದನ್ನೇ,
ಬೇಲಿಗೆ ಸಿಕ್ಕಿಸಿ ಹಾವು ಹೋಗಿಬಿಡುತ್ತದಲ್ಲ, ಹಾಗೆ.

ಒಂದು ಮಂಗಳವಾರ ಬನ್ನೂರಿನಲ್ಲಿ ಹತ್ತಿದಳು ನರ್ಸ್ ಜಯಶೀಲಾ,
ಲಸಿಕೆಯ ನೀಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು.
ಶೂನ್ಯದ ಟಿಕೆಟ್ ಹರಿದು ಕೊಟ್ಟೆ.
ಅವಳು ಟಿಕೆಟ್ ನೋಡಲಿಲ್ಲ, ಕೊಟ್ಟ ಕೈ ನೋಡಿದಳು,
ಉಗುರಿನ ಗೀರು, ಒಣಗಿದ ರಕ್ತದ ಚುಕ್ಕೆ.
ರಾತ್ರಿ ಹೆಚ್ಚಾ?
ಹೂಂ.
ಅಂಗಾಲಲ್ಲೂ?
ಹೂಂ.
ಉಚ್ಚೆ ಟೀ ಬಣ್ಣಕ್ಕೆ ತಿರುಗಿದೆಯಾ?
ಪಕ್ಕದ ಗಂಡಸರು ಕಿಟಕಿಯಾಚೆ ನೋಡತೊಡಗಿದರು.
ನಂಜಲ್ಲ ಕಣೆ ಇದು. ಪಿತ್ತ ರಕ್ತಕ್ಕೆ ಇಳಿದಿರಬಹುದು.
ನಿನಗೆ ಬರೀ ಕಡಿತ, ಒಳಗಿರೋದಕ್ಕೆ ಅಪಾಯ.
ಇವತ್ತೇ ರಕ್ತ ಕೊಡು. ನಾಳೆ ಅನ್ನಬೇಡ.

ಬೋರಲಿಂಗಣ್ಣ ಕೇಳಿಸಿಕೊಂಡರೆಂದು ಕಾಣುತ್ತದೆ.
ಅವತ್ತು ಮಳವಳ್ಳಿ ಹದಿನಾಲ್ಕು ನಿಮಿಷ ಮೊದಲೇ ಬಂತು.

ಆಮೇಲೆ ವಾರಕ್ಕೆರಡು ಸೂಜಿ, ಹೊತ್ತಿಗೊಂದು ಗುಳಿಗೆ,
ಒದೆತ ಎಣಿಸುವ ಕೆಲಸ.
ಎಣಿಸುವುದು ಬರುತ್ತದೆ ನನಗೆ.
ಹಳೆಯ ಟ್ರಿಪ್ ಶೀಟಿನ ಬೆನ್ನಿಗೆ ಬರೆದೆ:
ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೊಂದು,
ಒಂದು ಸಂಜೆ ಬರೀ ಎರಡು.
ಆ ಎರಡನ್ನು ತಿದ್ದಿ ತಿದ್ದಿ ಬರೆದಿದ್ದೇನೆ,
ಕಾಗದ ತೂತಾಗಿದೆ.
ಡಾಕ್ಟರು ಬೆಳಗಾಗುವುದಕ್ಕೆ ಕಾಯಲಿಲ್ಲ.

ಗಂಡು.
ಬಲಕ್ಕೆ ಅಂತ ನಾನು ಹೇಳಿರಲಿಲ್ಲವಾ, ಎಂದರು ಅತ್ತೆ.
ಲೈಟ್ ಡ್ಯೂಟಿ ಮಂಜೂರಾದ ಕಾಗದ
ಆ ವಾರವೇ ಬಂತು.

ಮೂರನೇ ದಿನ ಕೈ ಸುಮ್ಮನಾಯಿತು.
ಎಷ್ಟು ಸುಮ್ಮನೆಂದರೆ, ರಾತ್ರಿ ಎರಡಕ್ಕೆ
ಅಭ್ಯಾಸಬಲದಿಂದ ಎಚ್ಚರಾಗಿ
ಕಡಿತವನ್ನು ಹುಡುಕಿದೆ.
ಬಂಗು ಹಾಗೇ ಇದೆ. ಹೊಟ್ಟೆಯ ಬಿರುಕುಗಳು
ನೇರಳೆಯಿಂದ ಬೂದಿಗೆ ತಿರುಗುತ್ತಿವೆ.
ಮಗುವಿನ ಹೆಗಲ ಮೇಲೆ, ಬೆನ್ನಿನುದ್ದಕ್ಕೂ
ಹೊಂಬಣ್ಣದ ಸಣ್ಣ ಕೂದಲು;
ಹೊತ್ತಿಗೆ ಮೊದಲು ಇಳಿಸಿದ್ದಕ್ಕೆ
ಉದುರದೆ ಉಳಿದದ್ದಂತೆ.
ಅತ್ತೆ ಕಡಲೆಹಿಟ್ಟು ಕಲಸಿ ತಂದರು,
ತಿಕ್ಕಿದರೆ ಹೋಗುತ್ತೆ.

ಇರಲಿ ಬಿಡಿ, ಎಂದೆ. ಸುಂಕು ಅದು.
ಕೆನ್ನೆ ಒತ್ತಿ ಮಲಗಿದೆ.
ಚುಚ್ಚಲಿಲ್ಲ.